ಹೆನ್ರಿಯೆಟ್ಟಾ ಲ್ಯಾಕ್ಸ್

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಹನುಮನಹಳ್ಳಿ)

ಮಹನೀಯರ ಚರಿತ್ರೆಯೆಂದರೆ ಸಾಮಾನ್ಯವಾಗಿ ಅವರು ಮಾಡಿದ ಕಾರ್ಯಗಳ ಚರಿತ್ರೆಯೇ ಆಗಿರುತ್ತದೆ. ಒಬ್ಬರು ರಾಜ್ಯ ಕಟ್ಟಿದರು, ಇನ್ನೊಬ್ಬರು ಕಾವ್ಯ ರಚಿಸಿದರು, ಮತ್ತೊಬ್ಬರು ದೇಶಕ್ಕಾಗಿ ಸೆರೆಮನೆ ಕಂಡರು. ನಾನು ಇಲ್ಲಿ ಬರೆಯಹೊರಟಿರುವ ಹೆಣ್ಣುಮಗಳು ಇವಾವುದನ್ನೂ ಮಾಡಿದವಳಲ್ಲ. ಹೊಗೆಸೊಪ್ಪಿನ ಹೊಲದಲ್ಲಿ ದುಡಿದಳು. ಐದು ಮಕ್ಕಳನ್ನು ಹೆತ್ತಳು. ಮೂವತ್ತೊಂದನೆಯ ವಯಸ್ಸಿನಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಗಲಿ ತೀರಿಕೊಂಡಳು. ತನ್ನ ಹೆಸರು ಊರಿನ ಗಡಿ ದಾಟೀತೆಂದು ಕನಸಿನಲ್ಲಿಯೂ ಎಣಿಸದೆ ಹೋದ ಆಕೆಯ ಹೆಸರನ್ನು ಇಂದು ದೇಶದೇಶಗಳ ವೈದ್ಯವಿದ್ಯಾರ್ಥಿಗಳು ಬಲ್ಲರು. ಆಕೆಯೇ ಹೆನ್ರಿಯೆಟ್ಟಾ ಲ್ಯಾಕ್ಸ್.

ಕಲಾ ವಿಭಾಗದ ವಿದ್ಯಾರ್ಥಿನಿಗೆ ವೈದ್ಯರ ವಿಷಯವೇಕೆ ಎಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದಕಾರಣ ನಮ್ಮ ದೊಡ್ಡವ್ವನಿಗೆ ಇದೇ ರೋಗ ಬಂದಾಗ ಆಸ್ಪತ್ರೆಯ ಕಾಗದಗಳನ್ನೆಲ್ಲ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಕಾಗದಗಳಲ್ಲಿದ್ದ ಮಾತುಗಳ ಅರ್ಥವನ್ನು ಹುಡುಕುತ್ತ ಹೋದವಳಿಗೆ ದಾರಿಯಲ್ಲಿ ಈ ಜೀವನಚರಿತ್ರೆ ಸಿಕ್ಕಿತು. ದೊಡ್ಡವ್ವನ ವಿಷಯ ಮುಂದೆ ಬರುವುದು. ಮೊದಲು ಹೆನ್ರಿಯೆಟ್ಟಾಳ ಕಥೆ.

ಆಕೆ ಹುಟ್ಟಿದ್ದು 1920ನೆಯ ಇಸವಿ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾ ಸಂಸ್ಥಾನದ ರೊನೋಕ್ ಎಂಬ ಊರಿನಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಲೊರೆಟ್ಟಾ ಪ್ಲೆಸೆಂಟ್. ಅದು ಹೆನ್ರಿಯೆಟ್ಟಾ ಆದದ್ದು ಹೇಗೆಂದು ಅವರ ಮನೆಯವರಿಗೇ ತಿಳಿಯದು. ನಾಲ್ಕು ವರ್ಷದವಳಿದ್ದಾಗ ತಾಯಿ ಹತ್ತನೆಯ ಹೆರಿಗೆಯಲ್ಲಿ ಸತ್ತಳು. ತಂದೆಗೆ ಅಷ್ಟು ಮಕ್ಕಳನ್ನು ಸಾಕುವ ತ್ರಾಣವಿರಲಿಲ್ಲ. ಒಂದೊಂದು ಮಗುವನ್ನು ಒಬ್ಬೊಬ್ಬ ಬಂಧುವಿನ ಮನೆಗೆ ಹಂಚಿದನು. ಹೆನ್ರಿಯೆಟ್ಟಾ ಕ್ಲೋವರ್ ಎಂಬ ಹಳ್ಳಿಯಲ್ಲಿದ್ದ ಅಜ್ಜ ಟಾಮಿ ಲ್ಯಾಕ್ಸನ ಪಾಲಿಗೆ ಬಂದಳು. ಅಜ್ಜನ ಮನೆಯೆಂಬುದು ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಗುಡಿಸಲು. ಹಿಂದೆ ಕರಿಯರನ್ನು ದನಗಳಂತೆ ಕೊಂಡು ಮಾರುತ್ತಿದ್ದ ಕಾಲದಲ್ಲಿ ಅದರಲ್ಲಿ ಗುಲಾಮರು ವಾಸಿಸುತ್ತಿದ್ದರು. ಅದೇ ಗುಡಿಸಿಲಿನಲ್ಲಿ ಆ ಗುಲಾಮರ ಮೊಮ್ಮಕ್ಕಳು ಮರಿಮಕ್ಕಳು ಬೆಳೆದರು.

ಕ್ಲೋವರಿನ ಬೆಳೆ ಹೊಗೆಸೊಪ್ಪು. ಅದರ ಕೆಲಸವೆಂದರೆ ಬಗ್ಗಿದ ಬೆನ್ನಿನ ಕೆಲಸ. ನಮ್ಮ ಗಂಗಾವತಿಯ ಸೀಮೆಯಲ್ಲಿ ನಾಟಿಯ ದಿನಗಳಲ್ಲಿ ಕೆಸರುಗದ್ದೆಯಲ್ಲಿ ಸಾಲುಗಟ್ಟಿ ಹಿಂದಕ್ಕೆ ಸರಿಯುತ್ತ ಸಸಿಯೂರುವ ಹೆಂಗಸರನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾದುದಿಲ್ಲ. ಹೆನ್ರಿಯೆಟ್ಟಾ ಸೂರ್ಯ ಹುಟ್ಟುವ ಮೊದಲೇ ಎದ್ದು ದನಗಳಿಗೆ ಮೇವು ಹಾಕಿ, ಕೈತೋಟ ನೋಡಿ, ಬಳಿಕ ಹೊಲಕ್ಕೆ ಹೋಗುತ್ತಿದ್ದಳು. ಕರಿಯ ಮಕ್ಕಳ ಶಾಲೆ ದೂರ. ಬಿಳಿಯರ ಶಾಲೆ ದಾರಿಯಲ್ಲಿಯೇ ಇದ್ದರೂ ಅದರೊಳಕ್ಕೆ ಕಾಲಿಡುವಂತಿಲ್ಲ. ಆರನೆಯ ತರಗತಿಗೆ ಓದು ನಿಂತಿತು. ನಮ್ಮ ಅವ್ವನ ಓದು ನಿಂತದ್ದೂ ಆರನೆಯದಕ್ಕೇ ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿಬಿಡುತ್ತೇನೆ.

ಅಜ್ಜನ ಮನೆಯಲ್ಲಿ ಆಕೆಯೊಡನೆ ಬೆಳೆದ ಸೋದರ ಸಂಬಂಧಿ ಡೇವಿಡ್ ಲ್ಯಾಕ್ಸ್. ಎಲ್ಲರೂ ಅವನನ್ನು ಡೇ ಎಂದು ಕರೆಯುತ್ತಿದ್ದರು. ಹದಿನಾಲ್ಕರ ಹರೆಯದಲ್ಲಿ ಮೊದಲ ಮಗ ಲಾರೆನ್ಸ್ ಹುಟ್ಟಿದನು. 1939ರಲ್ಲಿ ಎಲ್ಸಿ ಎಂಬ ಮಗಳು ಹುಟ್ಟಿದಳು. ಆ ಮಗುವಿಗೆ ಮಾತು ಬರಲಿಲ್ಲ, ಬುದ್ಧಿಯೂ ಬೆಳೆಯಲಿಲ್ಲ. 1941ರ ಏಪ್ರಿಲ್ 10ರಂದು ಡೇ ಮತ್ತು ಹೆನ್ರಿಯೆಟ್ಟಾರ ವಿವಾಹವಾಯಿತು. ಆಗ ಎರಡನೆಯ ಮಹಾಯುದ್ಧದ ಕಾಲ. ಬಾಲ್ಟಿಮೋರ್ ಪಟ್ಟಣದ ಬಳಿಯ ಸ್ಪ್ಯಾರೋಸ್ ಪಾಯಿಂಟಿನಲ್ಲಿದ್ದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಗೆ ಕೈಗಳು ಬೇಕಾಗಿದ್ದವು. ಹೊಲದಲ್ಲಿ ಹೊಟ್ಟೆ ತುಂಬದ ಕರಿಯರ ಕುಟುಂಬಗಳು ಗುಂಪುಗುಂಪಾಗಿ ಅತ್ತ ಹೊರಟವು. ನಮ್ಮ ಕಡೆಯವರು ಬರಗಾಲದಲ್ಲಿ ಗೋವೆಗೆ, ಬೆಂಗಳೂರಿಗೆ ಗುಳೆ ಹೋಗುವಂತೆ ಇದೂ ಒಂದು ಗುಳೆಯೇ. ಲ್ಯಾಕ್ಸ್ ಕುಟುಂಬ ಟರ್ನರ್ ಸ್ಟೇಷನ್ ಎಂಬ ಕರಿಯರ ಬಡಾವಣೆಯಲ್ಲಿ ನೆಲೆಸಿತು.

ಅಲ್ಲಿ ಆಕೆಯ ಮನೆ ಸದಾ ತೆರೆದ ಬಾಗಿಲಿನ ಮನೆ. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಬಂಧುಗಳು ಅಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಿದ್ದರು. ಆಕೆ ಗಿಡ್ಡಳು, ಗಟ್ಟಿ ಮೈಯವಳು, ನಗುಮುಖದವಳು. ಕುಣಿತವೆಂದರೆ ಬಲು ಇಷ್ಟ. ಕೈ ಉಗುರಿಗೂ ಕಾಲು ಉಗುರಿಗೂ ಕೆಂಪು ಬಣ್ಣ ಹಚ್ಚಿಕೊಳ್ಳದೆ ಹೊರಗೆ ಬಾರದವಳು. ಉಗುರಿನ ಈ ಕೆಂಪು ಬಣ್ಣವನ್ನು ವಾಚಕರು ನೆನಪಿನಲ್ಲಿಡಬೇಕು. ಡೇವಿಡ್, ಡೆಬೊರಾ, ಜೋಸೆಫ್ ಎಂಬ ಇನ್ನೂ ಮೂರು ಮಕ್ಕಳಾದವು. ಎಲ್ಸಿಯನ್ನು ಮಾತ್ರ ಮನೆಯಲ್ಲಿ ನೋಡಿಕೊಳ್ಳಲಾಗದೆ ಕ್ರೌನ್ಸ್‌ವಿಲ್ ಎಂಬಲ್ಲಿಯ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ವಾರವಾರ ಅಲ್ಲಿಗೆ ಹೋಗಿ ಮಗಳ ತಲೆ ಬಾಚಿ ಬರುವುದನ್ನು ತಾಯಿ ತಪ್ಪಿಸಲಿಲ್ಲ.

ಕೊನೆಯ ಕೂಸು ಹೊಟ್ಟೆಯಲ್ಲಿ ನಿಲ್ಲುವ ಮೊದಲಿನಿಂದಲೇ ತನ್ನೊಳಗೆ ಒಂದು ಗಂಟು ಇರುವಂತೆ ಹೆನ್ರಿಯೆಟ್ಟಾಳಿಗೆ ಅನ್ನಿಸುತ್ತಿತ್ತು. ಒಡನಾಡಿಗಳಾದ ಇಬ್ಬರು ಹೆಂಗಸರಿಗೆ ಹೇಳಿದಳು, ಗಂಡನಿಗೆ ಹೇಳಲಿಲ್ಲ. ವೈದ್ಯರಲ್ಲಿಗೆ ಹೋದರೆ ಗರ್ಭಕೋಶವನ್ನೇ ತೆಗೆದುಬಿಟ್ಟಾರೆಂದು, ಮುಂದೆ ಮಕ್ಕಳಾಗಲಾರವೆಂದು ಭಯ. ಕೂಸು ಹುಟ್ಟಿ ಕೆಲವು ತಿಂಗಳಾದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸಿಕೊಂಡಿತು. ಸ್ನಾನದ ತೊಟ್ಟಿಯಲ್ಲಿ ಕುಳಿತು ತನ್ನ ಬೆರಳಿನಿಂದ ತಾನೇ ಆ ಗಂಟನ್ನು ಮುಟ್ಟಿ ಕಂಡುಕೊಂಡಳು. ಆಕೆಯ ರೋಗವನ್ನು ಮೊದಲು ಪತ್ತೆ ಮಾಡಿದವರು ಯಾರೆಂದು ಯಾರಾದರೂ ಕೇಳಿದರೆ ಆಕೆಯೇ ಎಂದು ಹೇಳುವುದು ನ್ಯಾಯ. ಹೆರಿಗೆಯ ಕಾಲದ ದಾಖಲೆಯಲ್ಲಿಯೂ, ಅದರ ಆರು ವಾರಗಳ ನಂತರದ ಪರೀಕ್ಷೆಯ ದಾಖಲೆಯಲ್ಲಿಯೂ ಈ ಗಂಟಿನ ಸುದ್ದಿಯೇ ಇರಲಿಲ್ಲ.

1951ನೆಯ ಇಸವಿ ಜನವರಿ 29ರಂದು ಗಂಡನು ಆಕೆಯನ್ನು ಕಾರಿನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಕರೆತಂದನು. ಮಕ್ಕಳೊಡನೆ ಆತ ಹೊರಗೆ ಮರದಡಿ ಕಾದನು. ಬಡವರಿಗೂ ಚಿಕಿತ್ಸೆ ಸಿಗಬೇಕೆಂಬ ಸಂಕಲ್ಪದಿಂದ 1889ರಲ್ಲಿ ತೆರೆದ ಆಸ್ಪತ್ರೆಯದು. ಸುತ್ತಲಿನ ಬಡ ಕರಿಯರಿಗೆ ಅದೊಂದೇ ದಾರಿ. ಆದರೆ ಅಲ್ಲಿಯೂ ಅವರಿಗೆ ಬೇರೆ ವಾರ್ಡು, ಬೇರೆ ಕೊಳಾಯಿ. ಆ ದಿನ ಪರೀಕ್ಷಿಸಿದವರು ಡಾ. ಹೊವರ್ಡ್ ಜೋನ್ಸ್. ಗರ್ಭಕೋಶದ ಕೊರಳಿನ ಮೇಲೆ, ನಮ್ಮ ಈಗಿನ ಒಂದು ರೂಪಾಯಿ ನಾಣ್ಯದಷ್ಟು ಅಗಲದ, ನೇರಳೆ ಬಣ್ಣದ, ಹೊಳೆಯುವ ಒಂದು ಗಡ್ಡೆ ಅವರಿಗೆ ಕಂಡಿತು. ಮುಟ್ಟಿದರೆ ಸಾಕು, ರಕ್ತ ಒಸರುತ್ತಿತ್ತು. ಅಂಥದನ್ನು ತಾವು ಹಿಂದೆ ಕಂಡಿರಲಿಲ್ಲವೆಂದು ಅವರು ಬಹುಕಾಲ ನೆನೆಯುತ್ತಿದ್ದರು. ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕ್ಯಾನ್ಸರ್ ಎಂದು ಬಂದಿತು. ಅದು ಯಾವ ಹಂತದ್ದೆಂಬ ಜಾಗದಲ್ಲಿ ಒಂದನೆಯ ಹಂತವೆಂದು ಬರೆಯಲಾಯಿತು.

ಈ ಹಂತವೆಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಏಕೆಂದರೆ ಕ್ಯಾನ್ಸರ್ ಇದೆಯೆಂದು ತಿಳಿಯುವುದು ಅರ್ಧ ತಿಳಿವಳಿಕೆ ಮಾತ್ರ. ಅದು ಎಲ್ಲಿಯವರೆಗೆ ಹಬ್ಬಿದೆಯೆಂಬುದು ಉಳಿದರ್ಧ. ಕೊರಳಿನೊಳಗೇ ಉಳಿದಿದ್ದರೆ ಒಂದನೆಯ ಹಂತ. ಪಕ್ಕದ ಮೆತ್ತನೆಯ ಭಾಗಕ್ಕೋ ಯೋನಿಯ ಮೇಲ್ಭಾಗಕ್ಕೋ ಇಳಿದಿದ್ದರೆ ಎರಡನೆಯದು. ಕಿಬ್ಬೊಟ್ಟೆಯ ಎಲುಬಿನ ಗೋಡೆಯನ್ನು ಮುಟ್ಟಿದ್ದರೆ ಮೂರನೆಯದು. ಮೂತ್ರಕೋಶ, ಕರುಳುಗಳನ್ನು ಹೊಕ್ಕಿದ್ದರೆ ಅಥವಾ ದೂರದ ಅಂಗಗಳಿಗೆ ಹೋಗಿದ್ದರೆ ನಾಲ್ಕನೆಯದು. ಇಂಥ ವಿಂಗಡಣೆ ಮೊದಲು ಹೊರಬಂದದ್ದು 1929ರಲ್ಲಿ, ಅಂದಿನ ಲೀಗ್ ಆಫ್ ನೇಷನ್ಸಿನ ಮೂಲಕ. ಕತ್ತಿ ಹಿಡಿಯಬೇಕೇ, ರೇಡಿಯಂ ಇಡಬೇಕೇ, ಎಷ್ಟು ಆಶೆ ಇಡಬಹುದು ಎಂಬುದೆಲ್ಲ ಈ ಅಂಕಿಯ ಮೇಲೆ ನಿಂತಿದೆ. 1951ರಲ್ಲಿ ಆ ಅಂಕಿಯನ್ನು ಹೇಳುತ್ತಿದ್ದುದು ಮುಖ್ಯವಾಗಿ ವೈದ್ಯರ ಕಣ್ಣು ಮತ್ತು ಬೆರಳು. ಒಳಗೆ ಕೈಯಿಟ್ಟು, ಗಡ್ಡೆ ಅಲುಗಾಡುವುದೇ, ಪಕ್ಕದಲ್ಲಿ ಗಟ್ಟಿಯಾಗಿದೆಯೇ ಎಂದು ತಡವಿ ನಿರ್ಣಯಿಸಬೇಕು. ಅನುಭವಿಗಳ ಬೆರಳು ಬಹಳ ತಿಳಿದುಕೊಳ್ಳುತ್ತದೆಂಬುದು ನಿಜ. ಆದರೆ ಬೆರಳು ಮುಟ್ಟದ ಜಾಗದಲ್ಲಿ ಏನಿದೆಯೋ ಅದನ್ನು ಬಲ್ಲವರು ಯಾರು?

ಫೆಬ್ರುವರಿಯ ಮೊದಲ ದಿನಗಳಲ್ಲಿ ಹೆನ್ರಿಯೆಟ್ಟಾ ಚಿಕಿತ್ಸೆಗೆ ದಾಖಲಾದಳು. ಆ ಕಾಲದಲ್ಲಿ ಅಲ್ಲಿ ಈ ರೋಗಕ್ಕೆ ರೂಢಿಯಲ್ಲಿದ್ದುದು ರೇಡಿಯಂ. ಸಣ್ಣ ಗಾಜಿನ ನಳಿಗೆಗಳಲ್ಲಿ ರೇಡಿಯಂ ತುಂಬಿ, ಬಟ್ಟೆಯ ಪುಟ್ಟ ಚೀಲಗಳಲ್ಲಿಟ್ಟು, ಗರ್ಭಕೋಶದ ಕೊರಳಿಗೆ ಸೇರಿಸಿ ಹೊಲಿಯುತ್ತಿದ್ದರು. ಆಕೆಗೆ ಪ್ರಜ್ಞೆ ತಪ್ಪಿಸಿ ಮಲಗಿಸಿದ್ದಾಗ, ರೇಡಿಯಂ ಇಡುವ ಮುನ್ನ, ಡಾ. ಲಾರೆನ್ಸ್ ವಾರ್ಟನ್ ಎಂಬುವರು ಗಡ್ಡೆಯಿಂದ ಒಂದು ಚೂರನ್ನೂ ಪಕ್ಕದ ಆರೋಗ್ಯವಂತ ಭಾಗದಿಂದ ಇನ್ನೊಂದು ಚೂರನ್ನೂ ಕತ್ತರಿಸಿ ತಟ್ಟೆಯಲ್ಲಿಟ್ಟರು. ಅದು ಚಿಕಿತ್ಸೆಗಾಗಿ ಅಲ್ಲ. ಅದೇ ಆಸ್ಪತ್ರೆಯಲ್ಲಿ ಡಾ. ಜಾರ್ಜ್ ಗೈ ಎಂಬ ವಿಜ್ಞಾನಿ ಮನುಷ್ಯನ ಜೀವಕೋಶಗಳನ್ನು ದೇಹದ ಹೊರಗೆ ಬದುಕಿಸಲು ಬಹುವರ್ಷಗಳಿಂದ ಹೆಣಗುತ್ತಿದ್ದರು, ಅವರಿಗಾಗಿ. ಹೆನ್ರಿಯೆಟ್ಟಾಳನ್ನು ಯಾರೂ ಕೇಳಲಿಲ್ಲ. ಆ ದಿನಗಳಲ್ಲಿ ಕೇಳುವ ಪದ್ಧತಿಯೂ ಇರಲಿಲ್ಲ.

ಮೊದಮೊದಲು ಚಿಕಿತ್ಸೆ ಫಲಿಸಿದಂತೆಯೇ ತೋರಿತು. ರೇಡಿಯಂ ಎರಡು ಬಾರಿ ಇಟ್ಟ ಮೇಲೆ ಕಣ್ಣಿಗೆ ಕಾಣುತ್ತಿದ್ದ ಗಡ್ಡೆ ಕರಗಿತು. ಬಳಿಕ ಒಂದು ತಿಂಗಳು ದಿನವೂ ಕ್ಷ-ಕಿರಣ. ಹೊಟ್ಟೆಯ ಚರ್ಮವೆಲ್ಲ ಸುಟ್ಟು ಕಪ್ಪಾಯಿತು. ಇನ್ನು ಮಕ್ಕಳಾಗುವಂತಿಲ್ಲವೆಂಬ ಸಂಗತಿ ಆಕೆಗೆ ತಿಳಿದದ್ದು ಚಿಕಿತ್ಸೆಯ ನಂತರ. ಮುಂಚೆಯೇ ಹೇಳಿದ್ದರೆ ತಾನು ಈ ಚಿಕಿತ್ಸೆಗೆ ಒಪ್ಪುತ್ತಲೇ ಇರಲಿಲ್ಲವೆಂದು ಆಕೆ ಆಡಿದ ಮಾತು ಆಸ್ಪತ್ರೆಯ ದಾಖಲೆಯಲ್ಲಿ ಉಳಿದಿದೆ. ಆಕೆ ಹಾಗೆ ನಿರ್ಧರಿಸಿದ್ದರೆ ಅದು ಸರಿಯಾಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ನಿರ್ಧರಿಸುವ ಅಧಿಕಾರ ಆಕೆಯದಾಗಿತ್ತು.

ಬೇಸಿಗೆಯಲ್ಲಿ ನೋವು ಮರಳಿತು. ರೋಗ ತನ್ನೊಳಗೆ ಹರಡುತ್ತಿರುವುದು ತನಗೆ ತಿಳಿಯುತ್ತಿದೆಯೆಂದು ಆಕೆ ಹೋದಾಗಲೆಲ್ಲ ಹೇಳಿಕೊಂಡಳು. ವೈದ್ಯರು ತಡವಿ ನೋಡಿ ಏನೂ ಕಾಣದೆಂದು ಮನೆಗೆ ಕಳುಹಿಸಿದರು. ಕೆಲವು ವಾರಗಳಲ್ಲಿಯೇ ಕಿಬ್ಬೊಟ್ಟೆಯಲ್ಲಿ ಕಲ್ಲಿನಂಥ ಗಡ್ಡೆ ಕೈಗೆ ಸಿಕ್ಕಿತು. ಈಗ ಶಸ್ತ್ರಕ್ರಿಯೆಯೂ ಸಾಧ್ಯವಿಲ್ಲವೆಂದು ಬರೆದರು. ಆಗಸ್ಟ್ 8ರಂದು ಬಂದವಳು ಮತ್ತೆ ಮನೆಗೆ ಹೋಗಲಿಲ್ಲ. ಮಕ್ಕಳನ್ನು ಆಸ್ಪತ್ರೆಯ ಎದುರಿನ ಹುಲ್ಲಿನ ಮೇಲೆ ಆಡಲು ಬಿಟ್ಟು ಡೇ ಕಿಟಕಿಯತ್ತ ನೋಡುತ್ತಿದ್ದನಂತೆ; ಆಕೆ ಮೇಲಿನಿಂದ ಗಾಜಿಗೆ ಮುಖವಿಟ್ಟು ಮಕ್ಕಳನ್ನು ನೋಡುತ್ತಿದ್ದಳಂತೆ. 1951ರ ಅಕ್ಟೋಬರ್ 4ರಂದು, ನಡುರಾತ್ರಿ ಕಳೆದು ಕಾಲು ಗಂಟೆಗೆ, ಪ್ರಾಣ ಹೋಯಿತು.

ಶವಪರೀಕ್ಷೆಗೆ ಗಂಡನು ಮೊದಲು ಒಪ್ಪಲಿಲ್ಲ. ಅದರಿಂದ ಮುಂದೆ ಮಕ್ಕಳಿಗೆ ಅನುಕೂಲವಾದೀತೆಂದು ಹೇಳಿದ ಮೇಲೆ ಸಹಿ ಹಾಕಿದನು. ತೆರೆದು ನೋಡಿದರೆ ಮುತ್ತಿನಂಥ ಬಿಳಿಯ ಗಂಟುಗಳು ದೇಹದೊಳಗೆಲ್ಲ ತುಂಬಿದ್ದವು. ಗೈ ಅವರ ಸಹಾಯಕಿ ಮೇರಿ ಕುಬಿಚೆಕ್ ಮಾದರಿ ತರಲು ಅಲ್ಲಿಗೆ ಹೋಗಿದ್ದಳು. ಶವದ ಮುಖ ನೋಡಲು ಧೈರ್ಯವಾಗದೆ ಕಣ್ಣು ಕಾಲಿನತ್ತ ಹೊರಳಿಸಿದಾಗ ಅಲ್ಲಲ್ಲಿ ಉದುರಿದ ಕೆಂಪು ಬಣ್ಣದ ಉಗುರುಗಳು ಕಂಡವು. ತಾನು ದಿನವೂ ನಳಿಗೆಗಳಲ್ಲಿ ಬೆಳೆಸುತ್ತಿದ್ದ ಜೀವಕೋಶಗಳು ಒಬ್ಬ ಜೀವಂತ ಹೆಂಗಸಿನವು ಎಂಬುದು ಅವಳಿಗೆ ಮನಸ್ಸಿಗೆ ಹೊಕ್ಕದ್ದು ಆ ಉಗುರುಗಳನ್ನು ಕಂಡಾಗ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಆ ಬೆರಳು ಮುಟ್ಟದ ಜಾಗದ ವಿಷಯಕ್ಕೆ ಬರುತ್ತೇನೆ. ಅದನ್ನು ಕಾಣುವ ವಿದ್ಯೆಯ ಬೀಜ ಹೆನ್ರಿಯೆಟ್ಟಾ ಬದುಕಿದ್ದಾಗಲೇ ಬಿದ್ದಿತ್ತು. ಪ್ರಬಲ ಆಯಸ್ಕಾಂತದ ನಡುವೆ ಇಟ್ಟ ಪರಮಾಣುಬೀಜಗಳು ರೇಡಿಯೋ ತರಂಗಕ್ಕೆ ಓಗೊಡುತ್ತವೆಂಬುದನ್ನು 1946ರಲ್ಲಿ ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆಬೇರೆಯಾಗಿ ತೋರಿಸಿದರು. 1952ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಆಕೆ ಆಸ್ಪತ್ರೆಯಲ್ಲಿ ಮಲಗಿದ್ದ ಆ 1951ರಲ್ಲಿಯೇ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ವಿಜ್ಞಾನಿ, ಹರಿಯುವ ದ್ರವದಲ್ಲಿ ಇದೇ ಓಗೊಡುವಿಕೆಯನ್ನು ಅಳೆದು ಪ್ರಕಟಿಸಿದರು. ಇಂದು ಮೈಯೊಳಗೆ ರಕ್ತ ಹರಿಯುವುದನ್ನು ಈ ಯಂತ್ರದಿಂದ ನೋಡುವವರು ತಮ್ಮ ವಿದ್ಯೆಯ ಹಿರಿಯರಲ್ಲಿ ಅವರನ್ನೂ ಎಣಿಸುತ್ತಾರೆ. ಆದರೆ ಅದರಿಂದ ಚಿತ್ರ ಬರೆಯಬಹುದೆಂದು ಪಾಲ್ ಲಾಟರ್‌ಬರ್ ತೋರಿಸಿದ್ದು 1973ರಲ್ಲಿ. ಹೆನ್ರಿಯೆಟ್ಟಾ ತೀರಿಕೊಂಡು ಆಗಲೇ ಇಪ್ಪತ್ತೆರಡು ವರ್ಷ ಸಂದಿದ್ದವು.

ಇದನ್ನೇ ನಾವು ಎಂ.ಆರ್.ಐ. ಎನ್ನುತ್ತೇವೆ. ಮನುಷ್ಯನ ಮೈಯಲ್ಲಿ ಬಹುಪಾಲು ನೀರು, ನೀರಿನಲ್ಲಿ ಜಲಜನಕ, ಜಲಜನಕದ ಒಂದೊಂದು ಬೀಜವೂ ಒಂದು ಸೂಕ್ಷ್ಮ ಆಯಸ್ಕಾಂತ. ಆಸ್ಪತ್ರೆಯ ಸಾಮಾನ್ಯ ಯಂತ್ರದ ಆಯಸ್ಕಾಂತಕ್ಕೆ ಭೂಮಿಯ ಕಾಂತಶಕ್ತಿಯ ಸುಮಾರು ಮೂವತ್ತು ಸಾವಿರ ಪಟ್ಟು ಬಲ. ಅದರೊಳಗೆ ಮಲಗಿದವರ ಮೈಯ ಜಲಜನಕದ ಬೀಜಗಳಲ್ಲಿ ಒಂದು ಪಾಲು ಒಂದೇ ದಿಕ್ಕಿಗೆ ತಿರುಗಿ ನಿಲ್ಲುವುದು. ರೇಡಿಯೋ ತರಂಗದಿಂದ ಅವನ್ನು ಅಲುಗಿಸಿ ಬಿಟ್ಟರೆ ಮರಳಿ ತಮ್ಮ ನೆಲೆಗೆ ಬರುವಾಗ ಸಣ್ಣ ಸದ್ದು ಮಾಡುತ್ತವೆ ಎನ್ನಬಹುದು. ಮಾಂಸಕ್ಕೊಂದು, ಕೊಬ್ಬಿಗೊಂದು, ಗಡ್ಡೆಗೊಂದು ಬಗೆಯ ಸದ್ದು. ಅದನ್ನು ಲೆಕ್ಕ ಹಾಕಿ ಕಪ್ಪುಬಿಳುಪಿನ ಚಿತ್ರವಾಗಿ ಬಿಡಿಸುತ್ತಾರೆ. ಕ್ಷ-ಕಿರಣದ ಸೋಂಕು ಇಲ್ಲ.

ಗರ್ಭಕೋಶದ ಕೊರಳನ್ನು ಹೀಗೆ ಅಡ್ಡಲಾಗಿ ಸೀಳಿದಂತೆ ನೋಡಿದರೆ ಅದರ ನಾರಿನ ಗೋಡೆಯು ಕಪ್ಪು ಬಳೆಯಂತೆ ಕಾಣುತ್ತದೆ. ಗಡ್ಡೆ ಬೂದು ಬಣ್ಣ. ಕಪ್ಪು ಬಳೆ ಎಲ್ಲಿಯೂ ಮುರಿಯದೆ ಪೂರ್ತಿ ಇದ್ದರೆ ರೋಗವು ಪಕ್ಕದ ಮೆತ್ತನೆಯ ಭಾಗಕ್ಕೆ ಇಳಿದಿಲ್ಲವೆಂದು ವೈದ್ಯರು ಬಹುಮಟ್ಟಿಗೆ ಧೈರ್ಯದಿಂದ ಹೇಳಬಲ್ಲರು. ಬಳೆ ಒಡೆದು ಬೂದು ಬಣ್ಣ ಹೊರಚಾಚಿದ್ದರೆ ಶಸ್ತ್ರಕ್ರಿಯೆಯ ವಿಚಾರ ಬಿಡಬೇಕು. ಗಡ್ಡೆಯ ಅಳತೆಯೂ ಸಿಗುತ್ತದೆ. ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರಿನೊಳಗೆ ಇದ್ದು ಕೊರಳಿನಲ್ಲಿಯೇ ನಿಂತದ್ದಾದರೆ ಕತ್ತಿಯ ದಾರಿ; ಮೀರಿದರೆ ವಿಕಿರಣವೂ ಔಷಧಿಯೂ ಕೂಡಿದ ದಾರಿ. ಎರಡು ಸೆಂಟಿಮೀಟರಿನೊಳಗಿನ ಸಣ್ಣ ಗಡ್ಡೆಯಿದ್ದು ಇನ್ನೂ ಮಕ್ಕಳು ಬೇಕೆನ್ನುವ ಹೆಣ್ಣುಮಗಳಾದರೆ, ಗಡ್ಡೆಗೂ ಗರ್ಭಕೋಶದ ಒಳಬಾಯಿಗೂ ಎಷ್ಟು ಅಂತರವಿದೆಯೆಂದು ಚಿತ್ರದಲ್ಲಿ ಅಳೆದು, ಕೊರಳನ್ನು ಮಾತ್ರ ತೆಗೆದು ಗರ್ಭಕೋಶವನ್ನು ಉಳಿಸಿಕೊಡುವುದೂ ಉಂಟು. ಈ ಯಂತ್ರಕ್ಕೂ ಮಿತಿಯಿದೆ. ದುಗ್ಧರಸ ಗ್ರಂಥಿಗಳನ್ನು ಅದು ಹೆಚ್ಚಾಗಿ ಗಾತ್ರದಿಂದಲೇ ಅಳೆಯುವುದರಿಂದ ಸಣ್ಣ ಗ್ರಂಥಿಯಲ್ಲಿ ಅಡಗಿದ ರೋಗ ತಪ್ಪಿಸಿಕೊಳ್ಳಬಹುದು. ಹಂತವನ್ನು ನಿಶ್ಚಯಿಸುವಾಗ ಇಂಥ ಚಿತ್ರಗಳನ್ನು ಪರಿಗಣಿಸಬಹುದೆಂದು ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವು ನಿಯಮವನ್ನು ಬದಲಿಸಿದ್ದು 2018ರಲ್ಲಿ ಮಾತ್ರ. ಅಲ್ಲಿಯವರೆಗೆ ಕಾಗದದ ಮೇಲಿನ ಹಂತಕ್ಕೆ ಬೆರಳೇ ಪ್ರಧಾನವಾಗಿತ್ತು. ಯಂತ್ರವಿಲ್ಲದ ಬಡ ದೇಶಗಳೂ ಒಂದೇ ಅಳತೆಗೋಲು ಹಿಡಿಯಲೆಂಬುದು ಅದಕ್ಕೆ ಕಾರಣ.

ಈಗ ದೊಡ್ಡವ್ವನ ವಿಷಯ. ಮುಟ್ಟು ನಿಂತು ನಾಲ್ಕು ವರ್ಷದ ಮೇಲೆ ಮತ್ತೆ ಮೈಲಿಗೆ ಕಾಣಿಸಿದ್ದನ್ನು ಅವಳು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಒಂದು ಖಾಸಗಿ ದವಾಖಾನೆಯಲ್ಲಿ ಗರ್ಭಚೀಲ ತೆಗೆಸಿಬಿಟ್ಟರೆ ಮುಗಿಯಿತೆಂದರು. ನಮ್ಮ ಕಡೆ ಈ ಮಾತು ಹೊಸದಲ್ಲ. ಹೊಟ್ಟೆನೋವಿಗೂ ಬಿಳಿಸೆರಗಿಗೂ ಗರ್ಭಚೀಲ ತೆಗೆಸಿಕೊಂಡ ಹೆಂಗಸರು ಪ್ರತಿ ಓಣಿಯಲ್ಲಿಯೂ ಸಿಗುತ್ತಾರೆ. ದಿನ ಗೊತ್ತಾಯಿತು, ಸಾಲವೂ ಆಯಿತು. ಕ್ಯಾನ್ಸರ್ ಇದ್ದೀತೇ ಎಂದು ಅಲ್ಲಿ ಯಾರೂ ನೋಡಿರಲಿಲ್ಲ. ರಕ್ತ ಕಡಿಮೆಯೆಂದು ಶಸ್ತ್ರಕ್ರಿಯೆ ಮುಂದಕ್ಕೆ ಹೋದದ್ದು ನಮ್ಮ ಪುಣ್ಯ. ರಕ್ತ ಹಾಕಿಸಲು ಹೋದ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಒಳಪರೀಕ್ಷೆ ಮಾಡಿ ಚೂರು ತೆಗೆದು ಕಳುಹಿಸಿದರು. ಅದರ ಉತ್ತರ ಬಂದ ಮೇಲೆ ಎಂ.ಆರ್.ಐ. ಆಗದ ಹೊರತು ಯಾರೂ ಕತ್ತಿ ಹಚ್ಚಕೂಡದೆಂದು ಬರೆದುಕೊಟ್ಟರು.

ಯಂತ್ರದ ಕೋಣೆಗೆ ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಮೂಗುತಿ ತೆಗೆದಳು, ಕಾಲುಂಗುರ ತೆಗೆದಳು. ತಾಳಿಗೆ ಬಂದಾಗ ಕೈ ಬರಲಿಲ್ಲ. ಕ್ಯಾನ್ಸರ್ ಎಂದಾಗ ಅಳದವಳು ಅಲ್ಲಿ ಅತ್ತಳು. ಕೊನೆಗೆ ದೊಡ್ಡಪ್ಪನೇ ಮುಂದೆ ಬಂದು ಬಿಚ್ಚಿ ನನ್ನ ಕೈಗೆ ಕೊಟ್ಟನು. ಮುಕ್ಕಾಲು ಗಂಟೆ ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಕುಳಿತಿದ್ದೆ. ಒಳಗಿನಿಂದ ಕಬ್ಬಿಣ ಬಡಿಯುವಂಥ ಶಬ್ದ ಕೇಳುತ್ತಿತ್ತು. ಗಡ್ಡೆ ಐದು ಸೆಂಟಿಮೀಟರ್, ಎಡಗಡೆ ಬಳೆ ಒಡೆದಿದೆ ಎಂದು ಕಾಗದ ಬಂದಿತು. ಗೊತ್ತಾದ ದಿನ ಗರ್ಭಚೀಲ ತೆಗೆದಿದ್ದರೆ ಕತ್ತಿಯು ಗಡ್ಡೆಯ ನಡುವೆಯೇ ಹಾಯುತ್ತಿತ್ತು, ರೋಗ ಒಳಗೇ ಉಳಿಯುತ್ತಿತ್ತು. ಅದರ ಬದಲು ಐದು ವಾರ ವಿಕಿರಣ, ವಾರಕ್ಕೊಮ್ಮೆ ಔಷಧಿ, ಕೊನೆಗೆ ಒಳಗೆ ಸಣ್ಣ ನಳಿಗೆಯಿಟ್ಟು ಕೊಡುವ ವಿಕಿರಣ. ಆ ನಳಿಗೆ ಹೆನ್ರಿಯೆಟ್ಟಾಳಿಗೆ ಇಟ್ಟ ರೇಡಿಯಂ ನಳಿಗೆಯ ಮರಿಮಗಳೆಂದು ಆಗ ನನಗೆ ತಿಳಿದಿರಲಿಲ್ಲ. ದೊಡ್ಡವ್ವ ಈಗ ಮೂ ವರ್ಷದಿಂದ ಚೆನ್ನಾಗಿದ್ದಾಳೆ. ಗದ್ದೆಗೆ ಹೋಗಬೇಡವೆಂದರೆ ಕೇಳುವುದಿಲ್ಲ.

ಹೆನ್ರಿಯೆಟ್ಟಾಳಿಗೆ ಎಂ.ಆರ್.ಐ. ಇದ್ದಿದ್ದರೆ ಬದುಕುತ್ತಿದ್ದಳೇ? ಹಾಗೆಂದು ಹೇಳುವ ಸಾಹಸ ನಾನು ಮಾಡಲಾರೆ. ಬಹಳ ವರ್ಷಗಳ ಮೇಲೆ, 1971ರ ಹೊತ್ತಿಗೆ, ಡಾ. ಜೋನ್ಸ್ ಮತ್ತು ಅವರ ಸಂಗಡಿಗರು ಹಳೆಯ ಚೂರನ್ನು ತಿರುಗಿ ನೋಡಿದಾಗ ಆ ಗಡ್ಡೆಯ ಜಾತಿಯನ್ನೇ ಮೊದಲು ತಪ್ಪಾಗಿ ಗುರುತಿಸಿದ್ದುದು ತಿಳಿಯಿತು. ಅದು ಗ್ರಂಥಿಗಳಿಂದ ಹುಟ್ಟುವ ಬಗೆಯದು. ಸರಿಯಾಗಿ ಗುರುತಿಸಿದ್ದರೂ ಅಂದಿನ ಚಿಕಿತ್ಸೆ ಅದೇ ಆಗುತ್ತಿತ್ತೆಂದು ಅವರು ಹೇಳಿದರು. ಆದರೆ ರೋಗ ಹರಡುತ್ತಿದೆಯೆಂದು ಆಕೆ ಹೇಳಿದಾಗ ಅದನ್ನು ತೋರಿಸಬಲ್ಲ ಸಾಕ್ಷಿಯೊಂದು ಆಕೆಯ ಪಕ್ಷಕ್ಕೆ ಇರುತ್ತಿತ್ತು.

ಮರಳಿ ಆ ತಟ್ಟೆಯಲ್ಲಿಟ್ಟ ಚೂರಿನ ಕಥೆಗೆ. ಕುಬಿಚೆಕ್ ಅದನ್ನು ನಳಿಗೆಗಳಿಗೆ ಹಾಕಿ, ರೂಢಿಯಂತೆ ರೋಗಿಯ ಹೆಸರಿನ ಎರಡೆರಡು ಮೊದಲಕ್ಷರ ಸೇರಿಸಿ ಹೀಲಾ ಎಂದು ಬರೆದಳು. ಅಲ್ಲಿಯವರೆಗೆ ಇಂಥ ಕೋಶಗಳೆಲ್ಲ ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಇವು ಸಾಯಲಿಲ್ಲ; ದಿನಕ್ಕೆ ಒಂದಕ್ಕೆ ಎರಡಾದವು. ಗೈ ಅವರು ಬೇಡಿದವರಿಗೆಲ್ಲ ಹಣವಿಲ್ಲದೆ ಕಳುಹಿಸಿದರು. ಜೋನಾಸ್ ಸಾಲ್ಕರ ಪೋಲಿಯೋ ಲಸಿಕೆಯ ಪರೀಕ್ಷೆಗೆ ಈ ಕೋಶಗಳು ರಾಶಿರಾಶಿಯಾಗಿ ಬೇಕಾದವು. ಅವನ್ನು ಬೆಳೆಸಿದ್ದು ಟಸ್ಕೀಗೀ ಎಂಬ ಕರಿಯರ ವಿದ್ಯಾಸಂಸ್ಥೆಯಲ್ಲಿ. ಅಂತರಿಕ್ಷಕ್ಕೂ ಹೋದವು, ಅಣುವಿಕಿರಣಕ್ಕೂ ಒಡ್ಡಿಕೊಂಡವು. ಈ ರೋಗದ ಮೂಲ ಪ್ಯಾಪಿಲೋಮಾ ಎಂಬ ವೈರಾಣುವೆಂದು ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ತೋರಿಸಿಕೊಟ್ಟರು. ಅದರ ಹದಿನೆಂಟನೆಯ ಬಗೆ ಹೀಲಾ ಕೋಶಗಳೊಳಗೇ ಇದ್ದಿತು. ಅವರಿಗೆ 2008ರಲ್ಲಿ ನೊಬೆಲ್ ಬಂದಿತು. ಲಸಿಕೆ ಅದಕ್ಕೂ ಮುಂಚೆ 2006ರಲ್ಲಿಯೇ ಬಂದಿತ್ತು. ಪುಣೆಯ ಸೀರಮ್ ಸಂಸ್ಥೆ 2023ರಲ್ಲಿ ನಮ್ಮ ದೇಶದ್ದೇ ಆದ ಲಸಿಕೆಯನ್ನು ಹೊರತಂದಿತು. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬಂದಿತು, ಸುಮಾರು 80,000 ಮಂದಿ ಸತ್ತರು.

ಇಷ್ಟೆಲ್ಲ ನಡೆದಾಗ ಆಕೆಯ ಮನೆಯವರಿಗೆ ಏನೂ ತಿಳಿಯದು. ಪತ್ರಿಕೆಗಳು ಬಹುಕಾಲ ಹೆಲೆನ್ ಲೇನ್ ಎಂಬ ಸುಳ್ಳು ಹೆಸರನ್ನು ಬರೆದವು. 1955ರಲ್ಲಿ ಎಲ್ಸಿ ಆಸ್ಪತ್ರೆಯಲ್ಲಿಯೇ ತೀರಿಕೊಂಡಳು. ತಲೆ ಬಾಚಲು ಬರುತ್ತಿದ್ದ ತಾಯಿ ಹೋಗಿ ನಾಲ್ಕು ವರ್ಷವಾಗಿತ್ತು. 1973ರಲ್ಲಿ ಹಿರಿಯ ಸೊಸೆಗೆ ಪರಿಚಿತರೊಬ್ಬರ ಮಾತಿನಿಂದ, ಅತ್ತೆಯ ಜೀವಕೋಶಗಳು ಇನ್ನೂ ಬದುಕಿವೆಯೆಂಬ ಸುದ್ದಿ ಕಿವಿಗೆ ಬಿದ್ದಿತು. ಅದೇ ಕಾಲದಲ್ಲಿ ವಿಜ್ಞಾನಿಗಳು ಮಕ್ಕಳ ರಕ್ತ ತೆಗೆದುಕೊಂಡು ಹೋದರು. ಸಂಶೋಧನೆಗೆಂದು ತೆಗೆದ ಅದನ್ನು ಮಗಳು ಡೆಬೊರಾ ತನಗೂ ಕ್ಯಾನ್ಸರ್ ಇದೆಯೇ ಎಂಬ ಪರೀಕ್ಷೆಯೆಂದು ತಿಳಿದು ಎಷ್ಟೋ ದಿನ ಉತ್ತರಕ್ಕೆ ಕಾದಳು. ತಾಯಿ ಸತ್ತ ವಯಸ್ಸನ್ನು ದಾಟುವವರೆಗೂ ಅವಳಿಗೆ ಭಯವಿತ್ತು. ಲೋಕಕ್ಕೆಲ್ಲ ಔಷಧಿಯಾದ ತಾಯಿಯ ಮಕ್ಕಳಲ್ಲಿ ಕೆಲವರಿಗೆ ಔಷಧಿಯ ಖರ್ಚಿಗೆ ವಿಮೆಯೂ ಇರಲಿಲ್ಲ. 2010ರಲ್ಲಿ ರೆಬೆಕ್ಕಾ ಸ್ಕ್ಲೂಟ್ ಎಂಬ ಲೇಖಕಿಯ ಪುಸ್ತಕ ಬಂದ ಮೇಲೆ ಹೆಸರು ಮನೆಮನೆಗೆ ತಿಳಿಯಿತು. ಕೋಶಗಳನ್ನು ಮಾರಿ ಲಾಭ ಮಾಡಿಕೊಂಡಿತೆಂದು ಥರ್ಮೋ ಫಿಶರ್ ಎಂಬ ಕಂಪನಿಯ ಮೇಲೆ ವಾರಸುದಾರರು ಹೂಡಿದ ದಾವೆ 2023ರಲ್ಲಿ ರಾಜಿಯಾಯಿತು. ರಾಜಿಯ ಸುದ್ದಿ ಹೊರಬಿದ್ದ ದಿನ ಆಗಸ್ಟ್ 1, ಆಕೆಯ ಹುಟ್ಟಿದ ದಿನ.

1951ರಲ್ಲಿ ಆಕೆಯನ್ನು ಕ್ಲೋವರಿನಲ್ಲಿ, ಅಜ್ಜನ ಗುಡಿಸಿಲಿನ ಹಿಂದಿನ ಕುಟುಂಬದ ಮಣ್ಣಿನಲ್ಲಿ ಹೂಳಿದ್ದರು. ಮೇಲೆ ಕಲ್ಲಿರಲಿಲ್ಲ. ಇದೇ ಜಾಗವೆಂದು ಕರಾರುವಾಕ್ಕಾಗಿ ಹೇಳುವವರೂ ಉಳಿಯಲಿಲ್ಲ. ತಾಯಿಯ ಸಮಾಧಿಯ ಆಸುಪಾಸೆಂದಷ್ಟೇ ತಿಳಿದಿತ್ತು. 2010ರಲ್ಲಿ ಡಾ. ರೋಲಂಡ್ ಪಟಿಲ್ಲೋ ಎಂಬ ಕರಿಯ ವೈದ್ಯರು ಪುಸ್ತಕದ ಆಕಾರದಲ್ಲಿ ಕಡೆದ ಒಂದು ಕಲ್ಲನ್ನು ಕೊಟ್ಟರು. ಅದೇ ದಿನ ಎಲ್ಸಿಯ ಹೆಸರಿಗೂ ಒಂದು ಕಲ್ಲು ನಿಂತಿತು.